ಚಾರ್ಟ್ ಓದಿದ ಮಾತ್ರಕ್ಕೆ ಕಣ್ಣು ಸರಿಯಿದೆಯೇ?

ಕಣ್ಣಾಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳನ್ನು ಕೆಳಗಿನ ಸಾಲಿನವರೆಗೂ ಓದಿಬಿಟ್ಟರೆ ದೃಷ್ಟಿ ಚೆನ್ನಾಗಿದೆ ಎಂದು ತೀರ್ಪು ಕೊಡುವ ಪದ್ಧತಿಯ ಬಗ್ಗೆ ನನಗೆ ದೊಡ್ಡ ತಕರಾರಿದೆ. ಡಚ್ ವೈದ್ಯ ಹರ್ಮನ್ ಸ್ನೆಲೆನ್ ಆ ಚಾರ್ಟನ್ನು ರೂಪಿಸಿದ್ದು 1862ರಲ್ಲಿ. ಕನ್ನಡಕದ ನಂಬರ್ ನೋಡಲು ಅದು ಒಳ್ಳೆಯ ಸಾಧನವೇ. ಆದರೆ ಅಕ್ಷಿಪಟಲದ ನಡುಭಾಗಕ್ಕೆ, ಅಂದರೆ ಮ್ಯಾಕ್ಯುಲಾಕ್ಕೆ, ರೋಗ ತಗಲಿದವರ ವಿಷಯದಲ್ಲಿ ಅದು ಎಷ್ಟೋ ಸಲ ಸುಳ್ಳು ಸಾಕ್ಷಿ ಹೇಳುತ್ತದೆ.

ನಮ್ಮ ದೊಡ್ಡಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ನೆಲದ ಮೇಲೆ ಬಿದ್ದ ಅಡಿಕೆ ಚೂರನ್ನು ಕೂತಲ್ಲಿಂದಲೇ ಕಂಡುಹಿಡಿಯುತ್ತಾರೆ. ಎದುರಿಗೆ ಬಂದು ನಿಂತ ಪಕ್ಕದ ಮನೆಯವರನ್ನು ಮಾತ್ರ ‘ಯಾರಪ್ಪಾ ನೀನು’ ಎನ್ನುತ್ತಾರೆ. ಮಾತ್ರೆಯ ಹಾಳೆಯ ಹಿಂದಿನ ಸಣ್ಣ ಅಕ್ಷರ ಓದುತ್ತಾರೆ, ಪತ್ರಿಕೆಯ ದಪ್ಪ ತಲೆಬರಹದಲ್ಲಿ ಎಡವುತ್ತಾರೆ. ಒತ್ತಕ್ಷರದ ಒತ್ತುಗಳೇ ಮಾಯ. ‘ಬೆಟ್ಟ’ ಎಂದು ಅಚ್ಚಾಗಿದ್ದರೆ ‘ಬೆಟ’ ಎಂದು ಓದಿ, ‘ಕಾಗುಣಿತ ಬಾರದವರೆಲ್ಲ ಸಂಪಾದಕರಾಗಿದ್ದಾರೆ’ ಎಂದು ಪತ್ರಿಕೆಯವರನ್ನೇ ಬೈಯುತ್ತಿದ್ದರು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ‘ಆರು ಬೈ ಒಂಬತ್ತು ಇದೆ, ಈ ವಯಸ್ಸಿಗೆ ಇನ್ನೇನು ಬೇಕು ಯಜಮಾನರೇ’ ಎಂದು ಬೆನ್ನು ತಟ್ಟಿ ಕಳಿಸಿದರು. ಮನೆಯ ಕೆಲವರಿಗೆ ಅಷ್ಟೇ ಸಾಕಾಯಿತು. ಇದೆಲ್ಲ ನೆಪ, ತಮಗೆ ಬೇಡದವರು ಬಂದರೆ ಗುರುತಿಸುವುದಿಲ್ಲ ಎಂದು ಬೆನ್ನ ಹಿಂದೆ ಆಡಿಕೊಂಡರು.

ಅವರನ್ನು ಆ ಅಪವಾದದಿಂದ ಪಾರು ಮಾಡಿದ್ದು ಎರಡು ಚಿತ್ರಗಳು. ಇನ್ನೊಬ್ಬ ವೈದ್ಯೆ ಪಾಪೆ ಹಿಗ್ಗಿಸುವ ಹನಿ ಹಾಕಿ, ಗಲ್ಲವನ್ನು ಯಂತ್ರದ ಮೇಲೆ ಊರಿಸಿ, ಮೊದಲು ಆಟೋಫ್ಲೋರೆಸೆನ್ಸ್ ಚಿತ್ರ ತೆಗೆಸಿದರು. ಅಕ್ಷಿಪಟಲದ ತಳದಲ್ಲಿರುವ ವರ್ಣಕೋಶಗಳಲ್ಲಿ ವಯಸ್ಸಾದಂತೆ ಲಿಪೊಫಸ್ಸಿನ್ ಎಂಬ ಕಸ ಕೂಡುತ್ತದೆ. ನೀಲಿ ಬೆಳಕು ಬಿಟ್ಟರೆ ಅದು ಮಂದವಾಗಿ ಹೊಳೆಯುತ್ತದೆ. ಕೋಶಗಳು ಸತ್ತಲ್ಲಿ ಹೊಳಪಿಲ್ಲ, ಬರೀ ಕಪ್ಪು. ಆದರೆ ನಟ್ಟನಡುವಿನ ಬಿಂದುವಿನಲ್ಲಿ ನೀಲಿ ಬೆಳಕನ್ನು ಹೀರುವ ಹಳದಿ ವರ್ಣದ್ರವ್ಯ ಇರುವುದರಿಂದ ಅದು ಆರೋಗ್ಯವಂತರ ಚಿತ್ರದಲ್ಲೂ ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಅಲ್ಲಿ ಜೀವ ಉಳಿದಿದೆಯೇ ಎಂದು ತಿಳಿಯಲು ಓಸಿಟಿ ಬೇಕಾಯಿತು. 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಪ್ರಕಟಿಸಿದ ತಂತ್ರ ಇದು. ಒಳಗಿನ ಪದರಗಳಿಂದ ಹಿಂದಿರುಗುವ ಬೆಳಕನ್ನು ಅಳೆದು, ಮಿಲಿಮೀಟರಿನ ಕೆಲವೇ ಸಾವಿರದ ಭಾಗಗಳಷ್ಟು ನವಿರಾಗಿ ಅಕ್ಷಿಪಟಲದ ಅಡ್ಡಸೀಳನ್ನು ತೋರಿಸುತ್ತದೆ. ಸೂಜಿಯಿಲ್ಲ, ನೋವಿಲ್ಲ.

ಪರದೆಯ ಮೇಲೆ ಕಂಡದ್ದು ಇಷ್ಟು: ಸುತ್ತಲೂ ಸತ್ತ ಪ್ರದೇಶ, ನಡುವೆ ಇನ್ನೂ ಜೀವಂತವಾಗಿರುವ ಪುಟ್ಟ ನಡುಗಡ್ಡೆ. ಸಣ್ಣ ಅಕ್ಷರ ಆ ನಡುಗಡ್ಡೆಯೊಳಗೆ ಹಿಡಿಸುತ್ತದೆ, ಚಾರ್ಟಿನ ಅಕ್ಷರವೂ ಹಿಡಿಸುತ್ತದೆ. ದಪ್ಪ ಅಕ್ಷರದ ಒತ್ತು ಹೊರಗೆ ಬೀಳುತ್ತದೆ. ಮುಖದ ಕಣ್ಣು ಕಂಡರೆ ಬಾಯಿ ಕಾಣುವುದಿಲ್ಲ. ಮಕ್ಕಳು ಪ್ರೀತಿಯಿಂದ ತಂದುಕೊಟ್ಟಿದ್ದ ದೊಡ್ಡ ಭೂತಗನ್ನಡಿ ಯಾಕೆ ಉಪಯೋಗಕ್ಕೆ ಬರಲಿಲ್ಲ ಎಂಬುದೂ ಅಲ್ಲೇ ಬಗೆಹರಿಯಿತು. ಹಿಗ್ಗಿಸಿದಷ್ಟೂ ಅಕ್ಷರ ಕತ್ತಲೆಗೆ ಜಾರುತ್ತಿತ್ತು. ಅವರಿಗೆ ಬೇಕಿದ್ದದ್ದು ಒಳ್ಳೆಯ ಬೆಳಕು ಮತ್ತು ಸಾಧಾರಣ ಗಾತ್ರದ ಅಕ್ಷರ. ಮುಸ್ಸಂಜೆಯಾದರೆ ಅವರು ಗೋಡೆ ಹಿಡಿದು ನಡೆಯುತ್ತಿದ್ದುದಕ್ಕೂ ಕಾರಣವಿತ್ತು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ರಾಡ್ ಕೋಶಗಳು ನಟ್ಟನಡುವಿನ ಬಿಂದುವಿನಲ್ಲಿ ಇರುವುದೇ ಇಲ್ಲ, ಅದರ ಸುತ್ತಲಿನ ವಲಯದಲ್ಲಿರುತ್ತವೆ. ವಯಸ್ಸಿನ ಮ್ಯಾಕ್ಯುಲಾ ರೋಗ ಮೊದಲು ಕಾಡುವುದು ಅವನ್ನೇ.

ಹಾಗೆಂದು ಚಿತ್ರವನ್ನು ದೇವರ ಪಟದಂತೆ ಪೂಜಿಸುವವರ ಸಾಲಿಗೂ ನಾನು ಸೇರುವುದಿಲ್ಲ. ಮ್ಯಾಕ್ಯುಲಾದ ಅಡಿಯಲ್ಲಿ ಡ್ರೂಸೆನ್ ಎಂಬ ಹಳದಿ ಚುಕ್ಕೆಗಳು ಸಾಕಷ್ಟಿದ್ದೂ ಸುಖವಾಗಿ ಓದುವವರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಮ್ಯಾಕ್ಯುಲಾ ಊದಿಕೊಂಡಾಗ, ಓಸಿಟಿ ತೋರಿಸುವ ದಪ್ಪಕ್ಕೂ ರೋಗಿಯ ದೃಷ್ಟಿಗೂ ಇರುವ ನಂಟು ಸಡಿಲವಾದದ್ದು. ವಯಸ್ಸಿನ ಮ್ಯಾಕ್ಯುಲಾ ರೋಗದಲ್ಲೇ ರಕ್ತನಾಳ ಸೋರುವ ‘ವೆಟ್’ ಬಗೆಯಲ್ಲಿ ಮಾತ್ರ ಚಿತ್ರದ ಮಾತಿಗೆ ನಿಜಕ್ಕೂ ತೂಕ ಹೆಚ್ಚು. ರೋಗಿಗೆ ಗೊತ್ತಾಗುವ ಮೊದಲೇ ಓಸಿಟಿಯಲ್ಲಿ ದ್ರವ ಕಾಣಬಹುದು, ಮುಂದಿನ ಇಂಜೆಕ್ಷನ್ ಯಾವಾಗ ಎಂಬುದನ್ನು ಬಹುಮಟ್ಟಿಗೆ ಅದೇ ನಿರ್ಧರಿಸುತ್ತದೆ.

ದೊಡ್ಡಪ್ಪನಿಗಿರುವ, ರಕ್ತನಾಳ ಸೋರದೆ ಕೋಶಗಳು ನಿಧಾನವಾಗಿ ಸಾಯುವ ಒಣ ಬಗೆಯ ಕಥೆ ಬೇರೆ. ಇದಕ್ಕಾಗಿ ಬಂದ ಪೆಗ್‌ಸೆಟಾಕೊಪ್ಲಾನ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಆಧಾರ, ಆಟೋಫ್ಲೋರೆಸೆನ್ಸ್ ಚಿತ್ರದಲ್ಲಿ ಕಪ್ಪು ಪ್ರದೇಶ ಹರಡುವ ವೇಗ ತಗ್ಗಿತು ಎಂಬುದು. ಎರಡು ವರ್ಷ ಕಣ್ಣಿಗೇ ಇಂಜೆಕ್ಷನ್ ಚುಚ್ಚಿಸಿಕೊಂಡವರಿಗೂ ಚುಚ್ಚಿಸಿಕೊಳ್ಳದವರಿಗೂ ಚಾರ್ಟಿನಲ್ಲಾಗಲಿ ಓದುವ ವೇಗದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಔಷಧ ಪಡೆದವರಲ್ಲಿ ವೆಟ್ ಬಗೆಗೆ ತಿರುಗಿದ ಪ್ರಕರಣಗಳೂ ಹೆಚ್ಚಿದ್ದವು. ರೋಗಿಯ ದಿನನಿತ್ಯದ ಬದುಕಿಗೆ ಪ್ರಯೋಜನವಾದದ್ದು ಕಾಣುತ್ತಿಲ್ಲ ಎಂದು ಯುರೋಪಿನ ಔಷಧ ಸಂಸ್ಥೆ 2024ರಲ್ಲಿ ಒಪ್ಪಿಗೆ ನಿರಾಕರಿಸಿತು. ನಿಧಾನವಾಗಿ ಹರಡುವ ರೋಗದಲ್ಲಿ ಎರಡು ವರ್ಷ ಏನೂ ಅಲ್ಲ, ಲಾಭ ಮುಂದೆ ಕಂಡೀತು ಎನ್ನುವ ವೈದ್ಯರಿದ್ದಾರೆ, ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ನಾನು ಯುರೋಪಿನ ಪರ. ಚಿತ್ರದಲ್ಲಿ ಉಳಿಯಿತು ಎನ್ನುವ ಜಾಗ ಮನುಷ್ಯನಿಗೆ ಯಾವ ಕೆಲಸಕ್ಕೆ ಒದಗಿತು ಎಂದು ಹೇಳಲಾಗದ ಔಷಧವನ್ನು ಮುದುಕರ ಕಣ್ಣಿಗೆ ಮತ್ತೆ ಮತ್ತೆ ಚುಚ್ಚುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಚಿತ್ರವನ್ನೂ ನೋಟವನ್ನೂ ಜೋಡಿಸುವ ಪರೀಕ್ಷೆ ಇಲ್ಲದಿಲ್ಲ. ಮೈಕ್ರೊಪೆರಿಮೆಟ್ರಿ ಎನ್ನುತ್ತಾರೆ. ಅಕ್ಷಿಪಟಲದ ಒಂದೊಂದು ಜಾಗಕ್ಕೆ ಬೆಳಕಿನ ಚುಕ್ಕೆ ಬಿಡುತ್ತಾರೆ, ಕಂಡರೆ ರೋಗಿ ಗುಂಡಿ ಒತ್ತಬೇಕು. ಕಣ್ಣು ಅಲುಗಿದರೂ ಯಂತ್ರ ಆ ಜಾಗವನ್ನು ಹಿಂಬಾಲಿಸುತ್ತದೆ. ಎಲ್ಲಿ ಕಾಣುತ್ತದೆ, ಎಲ್ಲಿ ಇಲ್ಲ ಎಂಬ ನಕ್ಷೆ ಚಿತ್ರದ ಮೇಲೆಯೇ ಮೂಡುತ್ತದೆ. ಹೊತ್ತು ಹಿಡಿಯುತ್ತದೆ, ವಯಸ್ಸಾದವರಿಗೆ ದಣಿವಾಗುತ್ತದೆ, ನಿಜ. ರೋಗಿಗಳ ಸಾಲು ಬಾಗಿಲಾಚೆಗೂ ಇರುವ ಆಸ್ಪತ್ರೆಯಲ್ಲಿ ಎಲ್ಲರಿಗೂ ಮಾಡಿ ಎನ್ನುವುದು ನ್ಯಾಯವಲ್ಲ. ಆದರೆ ‘ನಿಮಗೆ ಏನು ಮಾಡಲು ಕಷ್ಟವಾಗುತ್ತಿದೆ’ ಎಂದು ಕೇಳುವುದಕ್ಕೆ ಯಂತ್ರವೇನೂ ಬೇಡವಲ್ಲ!

ಹಿರಿಯರನ್ನು ತಪಾಸಣೆಗೆ ಕರೆದೊಯ್ಯುವವರು ಅವರಿಗೆ ಏನು ಕಾಣುವುದಿಲ್ಲ, ಎಷ್ಟು ಹೊತ್ತಿನಲ್ಲಿ ಕಾಣುವುದಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚಿತ್ರ ತೆಗೆದರೆ ಪರದೆಯ ಮೇಲೆ ತೋರಿಸಿ ವಿವರಿಸಲು ಕೇಳಿ, ಪ್ರತಿಯನ್ನೂ ಪಡೆಯಿರಿ. ಮುಂದಿನ ಸಲದ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಲು ಅದು ಬೇಕಾಗುತ್ತದೆ. ಮನೆಯಲ್ಲಿ ಆಗಾಗ ಒಂದೊಂದೇ ಕಣ್ಣು ಮುಚ್ಚಿಸಿ ಕಿಟಕಿಯ ಸರಳನ್ನೋ ಬಾಗಿಲ ಚೌಕಟ್ಟನ್ನೋ ನೋಡಿಸಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ನೇರ ಗೆರೆ ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ ಅದು ವೆಟ್ ಬಗೆಯ ಆರಂಭ ಇರಬಹುದು. ಹಬ್ಬ ಮುಗಿಯಲಿ, ಮಗ ರಜೆಗೆ ಬರಲಿ ಎಂದು ಕಾಯದೆ ಆ ವಾರವೇ ತೋರಿಸಿ.