ಹಾಲಿ ಸಿಕ್ಕಾ ಕಾರ್ಡು

ಮೇ ತಿಂಗಳಲ್ಲಿ ಯಾರಾದರೂ ಕಲಬುರಗಿಗೆ ಬಂದರೆ, ಅವರಿಗೆ ಬೇರೆ ತಿಂಗಳು ರಜೆ ಸಿಕ್ಕಿಲ್ಲ ಅಂತಲೇ ಅರ್ಥ. ಡಲ್ಲಾಸ್‌ನಿಂದ ಬಂದ ನನ್ನ ಅಕ್ಕನ ಮಗ ಕೂಲರ್ ಮುಂದೆ ಕೂತುಬಿಟ್ಟ. ಕೂತಲ್ಲಿಂದಲೇ ನನ್ನ ಕೈಗೆ ಒಂದು ಗಿಫ್ಟ್ ಕಾರ್ಡ್ ಇಟ್ಟ.

"25 ಡಾಲರ್ ಅದ ಮಾಮಾ. ಫೋನಿನಾಗ ಬೇಕಾದ್ದು ತಗೋರಿ."

"ಎರಡು ಸಾವಿರದ ಮ್ಯಾಲ ಆತು" ಎಂದಳು ಹೆಂಡತಿ, ಅಡುಗೆಮನೆಯಿಂದಲೇ.

ಒಂದು ರೂಪಾಯಿ ನಾಣ್ಯದಿಂದ ಕಾರ್ಡಿನ ಬೆನ್ನ ಮೇಲಿನ ಬೆಳ್ಳಿ ಪಟ್ಟಿ ಕೆರೆದೆ. ಹುಮ್ಮಸ್ಸು ಜಾಸ್ತಿಯಾಗಿ ಒಂದು ಅಕ್ಷರದ ಅರ್ಧ ಹೊಟ್ಟೆಯೂ ಪುಡಿಯ ಜೊತೆ ಎದ್ದು ಬಂತು. ಅದು ಬಿ ಇರಬಹುದು, 8 ಇರಬಹುದು. ಫೋನಿನಲ್ಲಿ ಬಿ ಹಾಕಿದರೆ ನಂಬರ್ ತಪ್ಪು ಅಂತು. 8 ಹಾಕಿದರೆ ನಿಮ್ಮ ದೇಶದಲ್ಲಿ ಈ ಕಾರ್ಡು ನಡೆಯುವುದಿಲ್ಲ ಅಂತು. ಮೊದಲನೆಯದೇ ವಾಸಿ ಇತ್ತು.

ಕಾರ್ಡು ಯಾವ ದೇಶದ್ದೋ ಫೋನಿನ ಅಕೌಂಟೂ ಅಲ್ಲಿಯದೇ ಇರಬೇಕಂತೆ. ಅಕೌಂಟಿನ ದೇಶ ಬದಲಿಸೋಣ ಅಂದರೆ ಅಲ್ಲಿಯ ವಿಳಾಸ ಬೇಕು, ಅಲ್ಲಿಯ ಬ್ಯಾಂಕ್ ಕಾರ್ಡು ಬೇಕು. ಎರಡು ಸಾವಿರಕ್ಕೋಸ್ಕರ ಅಮೆರಿಕದವನಾಗೋದು ಬೇಡ ಅಂತ ಸುಮ್ಮನಾದೆ.

ಅವ್ವನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. "ಹಾಲಿ ಸಿಕ್ಕಾ ಇದ್ದಂಗ ಬಿಡು" ಅಂದಳು. ನಿಜಾಮರ ಕಾಲದಲ್ಲಿ ನಮ್ಮ ಕಡೆ ನಡೆಯುತ್ತಿದ್ದ ರೂಪಾಯಿ ಅದು. ರೈಲು ಹತ್ತಿ ಸೋಲಾಪುರದಲ್ಲಿ ಇಳಿದರೆ ಬ್ರಿಟಿಷರ ಸೀಮೆ, ಅಲ್ಲಿ ಕಲ್ದಾರ್ ರೂಪಾಯಿ ಬೇಕು. ಅಜ್ಜ ಹೋದಾಗೆಲ್ಲ ಒಂದಿಷ್ಟು ಕಳೆದುಕೊಂಡು ಬದಲಿ ಮಾಡಿಸುತ್ತಿದ್ದನಂತೆ.

ಕೊಟ್ಟ ಉಡುಗೊರೆ ವಾಪಸ್ ಇಸಿದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕಾರ್ಡು ನನ್ನ ಪಾಕೀಟಿನಲ್ಲೇ ಉಳಿಯಿತು.

ವಾರ ಕಳೆದ ಮೇಲೆ ಆಫೀಸಿನಲ್ಲಿ ಒಂದು ವಾಟ್ಸಾಪ್ ಬಂತು. ಹೊಸ ನಂಬರು, ನಮ್ಮ ಸಾಹೇಬರ ಫೋಟೊ. ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ಅರ್ಜೆಂಟಾಗಿ 5,000ದ ಐದು ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ, ಸಂಜೆ ದುಡ್ಡು ಕೊಡುತ್ತೇನೆ. ಜೊತೆಗೆ ಮೂರು ಸಲ ಪ್ಲೀಸ್. ಸಾಹೇಬರು ಸರ್ವಿಸಿನಲ್ಲೇ ಒಂದು ಸಲ ಪ್ಲೀಸ್ ಅಂದವರಲ್ಲ. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ನನಗೆ ಬಂದದ್ದು ಪ್ರಮೋಷನ್ ಕನಸು.

ಮೆಟ್ಟಿಲಿಳಿದು ಓಡಿದೆ. ಗೇಟಿನ ಪಕ್ಕದ ಬಂಡಿಯ ಹತ್ತಿರ ಸಾಹೇಬರು ಸುಸಲಾ ತಿನ್ನುತ್ತ ನಿಂತಿದ್ದರು, ಒಂದು ಕೈಯಲ್ಲಿ ಮಿರ್ಚಿ ಭಜಿ. ಮೀಟಿಂಗ್ ಅದರ ಜೊತೆಗೇ ನಡೆದಿತ್ತು.

ಫೋನ್ ತೋರಿಸಿದೆ. "ನನಗ್ಯಾಕ ಬೇಕ್ರಿ ಗಿಫ್ಟ್ ಕಾರ್ಡು?" ಅಂದವರು ಇನ್ನೊಮ್ಮೆ ಓದಿ ನಕ್ಕರು. "ಕಳ್ಳರು ಇದನ್ನೇ ಕೇಳ್ತಾರ. ನಂಬರ್ ಹೇಳಿದ್ರ ರೊಕ್ಕ ಕೊಟ್ಟಂಗ. ಬ್ಯಾಂಕಿನಾಗಾದ್ರ ಯಾರ ಅಕೌಂಟಿಗೆ ಹೋತು ಅಂತನಾದ್ರೂ ಹುಡುಕಬಹುದು." 1930ಕ್ಕೆ ಫೋನ್ ಮಾಡ್ರಿ ಅಂತಲೂ ಅಂದರು. ಆದರೆ ಅದು ದುಡ್ಡು ಹೋದವರು ತಕ್ಷಣ ಮಾಡಬೇಕಾದ ಸೈಬರ್ ಸಹಾಯವಾಣಿ. ನನ್ನದಿನ್ನೂ ಹೋಗಿರಲಿಲ್ಲ.

ಅಷ್ಟರಲ್ಲಿ ಮತ್ತೆ ಮೆಸೇಜು: ಕಾರ್ಡ್ ಸಿಕ್ಕಿತಾ?

ಪಾಕೀಟು ನೆನಪಾಯಿತು. ಡಲ್ಲಾಸಿನ ಕಾರ್ಡಿನ ಫೋಟೊ ತೆಗೆದು, ಅಳಿಸಿದ ಅಕ್ಷರ 8 ಅಂತ ಬರೆದು ಕಳಿಸಿದೆ. ನಾವಿಬ್ಬರೂ ಇನ್ನೊಂದು ಪ್ಲೇಟ್ ಮಿರ್ಚಿ ಮುಗಿಸುವಷ್ಟರಲ್ಲಿ ಉತ್ತರ ಬಂತು. ಇದು ಇಲ್ಲಿ ನಡೆಯಲ್ಲ, ಇಂಡಿಯಾದ ಕಾರ್ಡ್ ಕಳಿಸಿ. ಈ ಸಲ ಪ್ಲೀಸ್ ಇರಲಿಲ್ಲ.

ಎಣ್ಣೆಗೈಯನ್ನು ಪೇಪರಿಗೆ ಒರೆಸಿಕೊಂಡು ಟೈಪ್ ಮಾಡಿದೆ: "ಸೋಲಾಪುರಕ್ಕ ಹೋಗ್ರಿ ಸಾಹೇಬ್ರ, ಬದಲಿ ಮಾಡಿ ಕೊಡ್ತಾರ."