ಕೂಸಿನ ಮೊದಲ ತುತ್ತಿನ ದಿನವನ್ನು ಯಾರು ಗೊತ್ತು ಮಾಡಬೇಕು?

ನನ್ನ ನಾದಿನಿಯ ಮಗನಿಗೆ ಈ ವಾರ ನಾಲ್ಕೂವರೆ ತಿಂಗಳು ತುಂಬಿತು. ಬಾಣಂತನಕ್ಕೆಂದು ಗುಳೇದಗುಡ್ಡದ ನಮ್ಮ ಮನೆಗೆ ಬಂದಿರುವ ಅವಳನ್ನು ಐದು ತುಂಬುವುದರೊಳಗೆ ಬಸವನಬಾಗೇವಾಡಿಯ ಗಂಡನ ಮನೆಗೆ ಕಳಿಸಬೇಕು. ಕಳಿಸುವ ಮೊದಲು ಒಳ್ಳೆಯ ದಿನ ನೋಡಿ ಇಲ್ಲಿಯೇ ಕೂಸಿಗೆ ಅನ್ನ ಉಣಿಸಿಬಿಡೋಣ ಎಂಬ ಮಾತು ಮನೆಯಲ್ಲಿ ಹದಿನೈದು ದಿನಗಳಿಂದ ನಡೆದಿದೆ. ಬೆಳ್ಳಿ ಬಟ್ಟಲನ್ನು ಸೋದರಮಾವನೇ ಕೊಡಬೇಕೆಂಬುದು ನಮ್ಮ ಮನೆಯ ರೂಢಿಯಾದ್ದರಿಂದ ನಮ್ಮ ಯಜಮಾನರು ಬಾಗಲಕೋಟೆಯಿಂದ ಬಟ್ಟಲನ್ನೂ ತಂದಿಟ್ಟಾಗಿದೆ. ಈಗಲೇ ಬೇಡ ಎಂದವಳು ನಾನೊಬ್ಬಳೇ. "ಎರಡ ಹಡದಾಕಿ ನೀ, ನಿನಗ ಗೊತ್ತಿಲ್ಲೇನವಾ? ಬರೇ ಹಾಲಿಗೆ ಕೂಸಿನ ಹೊಟ್ಟಿ ತುಂಬತೈತೇನು?" ಎಂದು ಅತ್ತೆಯವರು ಕೇಳಿದರು. ಎರಡು ಹಡೆದಿರುವುದರಿಂದಲೇ ಬೇಡ ಎನ್ನುತ್ತಿದ್ದೇನೆ, ಏಕೆಂದರೆ ಆ ಎರಡರಲ್ಲಿಯೂ ನಾನು ತಪ್ಪಿದ್ದೇನೆ: ಮಗಳಿಗೆ ಅವಸರ ಮಾಡಿದೆ, ಮಗನಿಗೆ ತಡ ಮಾಡಿದೆ.

ಮಗಳ ವಿಷಯದಲ್ಲಿ ದಿನವನ್ನು ಗೊತ್ತು ಮಾಡಿದ್ದು ಒಂದು ಲೆಕ್ಕ. ಗಂಡಿಗೆ ಸರಿ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎನ್ನುತ್ತಾರಲ್ಲ, ಆ ಲೆಕ್ಕದಂತೆ ಅವಳಿಗೆ ಐದನೆಯ ತಿಂಗಳೇ ಬಂತು. ನಮ್ಮ ಮನೆಗಳಲ್ಲಿ ಐದನೆಯ ತಿಂಗಳು ಎಂದರೆ ನಾಲ್ಕು ತುಂಬಿ ಐದರಲ್ಲಿ ಬಿದ್ದದ್ದು ಎಂದರ್ಥ. ವೈದ್ಯರು ಆರು ತಿಂಗಳು ಎಂದರೆ ಆರು ತುಂಬಿದ ಮೇಲೆ, ಅಂದರೆ 180 ದಿನ ಕಳೆದ ಮೇಲೆ ಎಂದು ತಿಳಿಯಬೇಕು. ನಾವಾದರೋ ಆರರಲ್ಲಿ ಬಿತ್ತು ಎಂದು ಕೇಳಿಸಿಕೊಳ್ಳುತ್ತೇವೆ, ಹೀಗೆ ಯಾರೂ ಸುಳ್ಳು ಹೇಳದೆಯೇ ಪೂರ್ತಿ ಒಂದು ತಿಂಗಳು ಕಳೆದುಹೋಗುತ್ತದೆ. ಮಗಳಿಗೆ ಹೆಸರು ಬೇಳೆಯ ಕಟ್ಟು ಕುಡಿಸತೊಡಗಿದ ವಾರದಲ್ಲಿಯೇ ಭೇದಿ ಹತ್ತಿ, ಮೂರು ದಿನ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ತಿರುಗಿದೆ. ಕಟ್ಟಿನಿಂದಲೇ ಬಂತೋ, ಕೂಸಿಗೆ ಕುಡಿಸುವ ಒಳಲೆಯನ್ನು ಸರಿಯಾಗಿ ಕುದಿಸದೇ ಇದ್ದುದರಿಂದ ಬಂತೋ ನಾನು ಹೇಳಲಾರೆ. ಆದರೆ ಎದೆಹಾಲೊಂದನ್ನೇ ಕುಡಿಯುವ ಕೂಸಿನ ಬಾಯಿಗೆ ನೀರು, ಬಟ್ಟಲು, ಚಮಚ, ನಮ್ಮ ಬೆರಳು ಇವೆಲ್ಲ ಒಮ್ಮೆಲೇ ಹೋಗುವ ದಿನವನ್ನು ಎರಡು ತಿಂಗಳು ಮುಂದೂಡಬಹುದಿತ್ತು ಎಂಬುದು ಮಾತ್ರ ನಿಜ.

ಹಳೆಯ ವೈದ್ಯರು ನಾಲ್ಕಕ್ಕೆ ಶುರು ಮಾಡಿ ಎಂದದ್ದೂ ಉಂಟು, ಅದನ್ನು ಅವರ ಅಜ್ಞಾನ ಎನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲು ನಾಲ್ಕರಿಂದ ಆರು ತಿಂಗಳೆಂದು ಹೇಳುತ್ತಿತ್ತು. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಆರು ತಿಂಗಳು ಬರೀ ಎದೆಹಾಲು ಕುಡಿದ ಕೂಸುಗಳಿಗೆ ಹೊಟ್ಟೆಯ ಸೋಂಕು ಕಡಿಮೆ ಇದ್ದು, ಬೆಳವಣಿಗೆಯಲ್ಲಿ ಕೊರತೆ ಕಾಣದೇ ಹೋದದ್ದರಿಂದ 2001ರಲ್ಲಿ ಸಲಹೆಯನ್ನು ಆರು ತಿಂಗಳಿಗೆ ಬದಲಿಸಲಾಯಿತು. ಪದ್ಧತಿಯನ್ನೇ ಮುಂದಿಡುವವರಿಗೂ ಒಂದು ಮಾತು. ಮನೆಯ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥ ಪಾರಸ್ಕರ ಗೃಹ್ಯಸೂತ್ರ ಅನ್ನಪ್ರಾಶನಕ್ಕೆ ಹೇಳಿರುವುದು ಆರನೆಯ ತಿಂಗಳನ್ನೇ, ನಾಲ್ಕನ್ನಲ್ಲ.

ಹಾಗಾದರೆ ನಾಲ್ಕು-ಐದರಲ್ಲಿಯೇ ಎಲ್ಲರಿಗೂ ಅವಸರವೇಕೆ? ನನಗೆ ಕಂಡಂತೆ ಕೂಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಬಾಣಂತಿ ತವರಿನಿಂದ ಹೊರಡುವುದು ಐದರೊಳಗೆ. ತವರಿನವರಿಗೆ ತಮ್ಮ ಕೈಯಿಂದಲೇ ಮೊದಲ ತುತ್ತು ಆಗಲಿ ಎಂಬ ಆಸೆ ಇರುತ್ತದೆ, ಗಂಡನ ಮನೆಯವರಿಗೆ ಬಂದ ಕೂಸು ಏನಾದರೂ ತಿನ್ನುವಂತಿರಲಿ ಎಂಬ ನಿರೀಕ್ಷೆ ಇರುತ್ತದೆ. ನೌಕರಿಯವರದು ಬೇರೆಯೇ ಕಥೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಅಂದರೆ ಲೆಕ್ಕಕ್ಕೆ ಸರಿಯಾಗಿ ಆರು ತಿಂಗಳು. ಆದರೆ ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡವಳಿಗೆ ಕೂಸು ಹುಟ್ಟಿದ ಮೇಲೆ ಉಳಿಯುವುದು ಹದಿನೆಂಟೇ ವಾರ. ನವನಗರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ನಾನು ಮಗಳ ಸಲ ಹೀಗೆಯೇ ನಾಲ್ಕು ತಿಂಗಳು ದಾಟುತ್ತಿದ್ದಂತೆ ಕೆಲಸಕ್ಕೆ ಹಾಜರಾದೆ. ಎದೆಹಾಲನ್ನು ಹಿಂಡಿ ತೆಗೆದು ಸ್ವಚ್ಛ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟು ಬರಬಹುದೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಎಲ್ಲ ಮನೆಗಳಲ್ಲಿಯೂ ಕೇಳುವ ಮಾತು, ಕೂಸು ರಾತ್ರಿ ನಾಲ್ಕು ಸಲ ಏಳುತ್ತದೆ, ಹಾಲು ಸಾಲುತ್ತಿಲ್ಲ ಎಂಬುದು. ಈ ವಯಸ್ಸಿನ ಕೂಸುಗಳ ನಿದ್ದೆಯೇ ಹಾಗೆ ಒಡೆದೊಡೆದು ಬರುತ್ತದೆ, ಅದೊಂದನ್ನೇ ಹಸಿವಿನ ಗುರುತೆಂದು ತಿಳಿಯಬಾರದು. ತೂಕ ಏರುತ್ತಿದ್ದು ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ತಿಳಿಯಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿಯೂ ಬೇರೆ ನೀರು ಬೇಡ, ಎದೆಹಾಲಿನಲ್ಲಿ ಹೆಚ್ಚುಕಡಿಮೆ ಶೇಕಡಾ 88 ಭಾಗ ನೀರೇ ಇರುತ್ತದೆ. ತೇಯ್ದು ಕುಡಿಸುವ ಗುಟ್ಟಿ, ಬಜೆ, ನೆಕ್ಕಿಸುವ ಜೇನುತುಪ್ಪಗಳ ಬಗ್ಗೆ ಬರೆಯ ಹೊರಟರೆ ಬೇರೆಯೇ ಬರಹವಾದೀತು. ಜೇನುತುಪ್ಪದಲ್ಲಿ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ರೋಗಾಣುವಿನ ಬೀಜಕಣಗಳು ಇರಬಹುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಅದನ್ನು ನೆಕ್ಕಿಸಬಾರದೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ದಿನವನ್ನು ಗೊತ್ತು ಮಾಡಬೇಕಾದದ್ದು ಕೂಸು. ಕುತ್ತಿಗೆ ಗಟ್ಟಿಯಾಗಿ ನಿಲ್ಲಬೇಕು, ತುಸು ಆಸರೆ ಕೊಟ್ಟರೆ ಕೂಡಬೇಕು, ನಾವು ಉಣ್ಣುವಾಗ ತಾಟಿನ ಕಡೆ ಕೈ ಚಾಚಬೇಕು. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವ ಹುಟ್ಟುಗುಣವೂ ಅಷ್ಟರಲ್ಲಿ ಕಡಿಮೆಯಾಗಿರಬೇಕು. ನಾದಿನಿಯ ಮಗ ಇನ್ನೂ ತಳ್ಳುತ್ತಾನೆ. ಅತ್ತೆಯವರು ಮೊನ್ನೆ ಬೆರಳ ತುದಿಯಲ್ಲಿ ತುಪ್ಪ ನೆಕ್ಕಿಸ ಹೋದಾಗ ಅದೆಲ್ಲ ಗದ್ದಕ್ಕೆ ಇಳಿಯಿತು. ಕೂಸಿಗೆ ರುಚಿ ಹಿಡಿಸಲಿಲ್ಲ ಎಂದರು. ಅವನ ಬಾಯಿ ಇನ್ನೂ ಸಿದ್ಧವಿಲ್ಲ ಎಂದು ನಾನೆಂದೆ.

ಆದರೆ ಇಷ್ಟನ್ನೇ ಹೇಳಿ ಸುಮ್ಮನಾದರೆ ನನ್ನ ಎರಡನೆಯ ತಪ್ಪನ್ನು ಮುಚ್ಚಿಟ್ಟಂತಾಗುತ್ತದೆ, ಮತ್ತು ಅದು ಮೊದಲನೆಯದಕ್ಕಿಂತ ದೊಡ್ಡದು. ಮಗ ದಿನ ತುಂಬುವ ಮೊದಲೇ, 35 ವಾರಕ್ಕೆ ಹುಟ್ಟಿದ. ಮಗಳಿಗಾದದ್ದನ್ನು ಕಂಡ ಭಯದಿಂದ, ಹೇಗೂ ಸಣ್ಣ ಕೂಸು, ತಡವಾದರೂ ನಡೆದೀತು ಎಂದು ಎಂಟು ದಾಟುವವರೆಗೆ ಹಾಲಿನಲ್ಲಿಯೇ ತಳ್ಳಿದೆ. ಒಂಬತ್ತನೆಯ ತಿಂಗಳ ದಡಾರದ ಸೂಜಿಗೆ ಹೋದಾಗ ಕೂಸು ಬಿಳಚಿಕೊಂಡಿದೆ ಎಂದು ವೈದ್ಯರು ರಕ್ತ ನೋಡಿಸಿದರು. ಹಿಮೋಗ್ಲೋಬಿನ್ 8.4 ಇತ್ತು, ಅಂದರೆ ರಕ್ತಹೀನತೆ. ದಿನ ತುಂಬಿ ಹುಟ್ಟಿದ ಕೂಸು ತಾಯಿಯಿಂದ ತಂದ ಕಬ್ಬಿಣದ ಗಂಟು ಸುಮಾರು ಆರು ತಿಂಗಳಿಗೆ ಸಾಕಾಗುತ್ತದೆ. ಗರ್ಭದ ಕೊನೆಯ ವಾರಗಳಲ್ಲಿಯೇ ಆ ಗಂಟು ಹೆಚ್ಚಾಗಿ ತುಂಬುವುದರಿಂದ ಮೊದಲೇ ಹುಟ್ಟಿದವರಿಗೆ ಅದು ಬೇಗ ಬರಿದಾಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಎರಡನೆಯ ತಿಂಗಳಿನಿಂದಲೇ ಕೊಡಲು ಬರೆದಿದ್ದ ಕಬ್ಬಿಣದ ಹನಿಗಳನ್ನು ಸಂಡಾಸು ಕಪ್ಪಾಯಿತೆಂದು ನಿಲ್ಲಿಸಿದವಳೂ ನಾನೇ. ಅವಧಿಗೆ ಮೊದಲೇ ಹುಟ್ಟಿದ ಕೂಸಿಗೆ ಅನ್ನದ ದಿನವನ್ನು ವೈದ್ಯರನ್ನು ಕೇಳಿಯೇ ಗೊತ್ತು ಮಾಡಬೇಕು, ನನ್ನಂತೆ ಅಂದಾಜಿನ ಮೇಲೆ ಮುಂದೆ ಹಾಕಬಾರದು.

ಇಂಥ ತಡ ನಮ್ಮೊಬ್ಬರ ಮನೆಯದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಎದೆಹಾಲಿನ ಜೊತೆ ಗಟ್ಟಿ ಅಥವಾ ಮೆತ್ತನೆಯ ಆಹಾರ ಸಿಗುತ್ತಿದ್ದುದು ಶೇಕಡಾ 45.9ಕ್ಕೆ ಮಾತ್ರ, ಆರು ತಿಂಗಳಿನಿಂದ ಐದು ವರ್ಷದೊಳಗಿನವರಲ್ಲಿ ರಕ್ತಹೀನತೆ ಇದ್ದುದು ಶೇಕಡಾ 67.1ಕ್ಕೆ. ಇದಕ್ಕೆ ಒಂದು ಸಾದಾ ಕಾರಣವೂ ಇದೆ ಎಂದು ನನ್ನ ಅನಿಸಿಕೆ. ಸರಕಾರಿ ಲಸಿಕೆಗಳು ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ಮುಗಿದರೆ ಮುಂದಿನದು ಒಂಬತ್ತು ತಿಂಗಳಿಗೆ. ನಡುವಿನ ಐದೂವರೆ ತಿಂಗಳು ಸೂಜಿಯ ನೆಪದಿಂದ ದವಾಖಾನೆಯ ಮೆಟ್ಟಿಲು ಹತ್ತುವ ಪ್ರಸಂಗವೇ ಬರುವುದಿಲ್ಲ, ಊಟ ಶುರುವಾಗಬೇಕಾದದ್ದು ಆ ನಡುವೆಯೇ. ಆಶಾ ಕಾರ್ಯಕರ್ತೆಯರು ಮೂರು, ಆರು, ಒಂಬತ್ತನೆಯ ತಿಂಗಳುಗಳಲ್ಲಿ ಮನೆಗೆ ಬಂದು ವಿಚಾರಿಸುವ ಕಾರ್ಯಕ್ರಮವಿದೆ. ಆದರೆ ತವರಿನ ಊರಿನ ಆಶಾ ಬಂದಾಗ ಬಾಣಂತಿ ಗಂಡನ ಮನೆಗೆ ಹೋಗಿರುತ್ತಾಳೆ, ಅಲ್ಲಿಯ ಆಶಾಳಿಗೆ ಈ ಕೂಸಿನ ಹೆಸರೇ ಗೊತ್ತಿರುವುದಿಲ್ಲ. ಗಂಡನ ಊರು ಮುಟ್ಟಿದ ವಾರದಲ್ಲಿಯೇ ತಾಯಿ ಕಾರ್ಡು ತೆಗೆದುಕೊಂಡು ಅಂಗನವಾಡಿಗೆ ಹೋಗಿ ಹೆಸರು ಬರೆಸು ಎಂದು ನಾದಿನಿಗೆ ಹೇಳಿದ್ದೇನೆ.

ಶುರು ಮಾಡಿದ ಮೇಲೂ ನಾವು ಎಡವುವುದು ಬೇಳೆ ಕಟ್ಟಿನಲ್ಲಿ. ಮೇಲಿನ ತಿಳಿ ಕೂಸಿಗೆ, ತಳದ ಬೇಳೆ ದೊಡ್ಡವರ ಸಾರಿಗೆ! ಏಳು ಕಿಲೋ ತೂಗುವ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು 200 ಮಿಲಿಲೀಟರಿನಷ್ಟು. ಅದನ್ನು ತಿಳಿ ನೀರಿನಿಂದ ತುಂಬಿದರೆ ಎದೆಹಾಲಿಗೂ ಜಾಗ ಉಳಿಯುವುದಿಲ್ಲ, ಮೈಗೂ ಏನೂ ಹತ್ತುವುದಿಲ್ಲ. ಚಮಚವನ್ನು ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಮೆತ್ತಗೆ ಬೆಂದ ಅನ್ನ, ಕಿವುಚಿದ ಹೆಸರು ಬೇಳೆ, ಮೇಲೊಂದಿಷ್ಟು ತುಪ್ಪ ಸಾಕು. ನುಣ್ಣಗೆ ಬೇಯಿಸಿ ಕಿವುಚಿದ ಜೋಳದ ನುಚ್ಚೂ ಆಗುತ್ತದೆ. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟಿನ ಗಂಜಿ ಬೇಗ ತೆಳುವಾಗುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೊದಲ ದಿನಗಳಲ್ಲಿ ಎರಡು-ಮೂರು ಚಮಚ, ಎಂಟು ತುಂಬುವವರೆಗೆ ದಿನಕ್ಕೆ ಎರಡು-ಮೂರು ಸಲ, ಆಮೇಲೆ ಮೂರು-ನಾಲ್ಕು ಸಲ. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ. ಎದೆಹಾಲು ಎರಡು ವರ್ಷದವರೆಗೂ, ಆಮೇಲೂ ನಡೆಯಲಿ. ಮೊಟ್ಟೆ, ಮಾಂಸ ತಿನ್ನುವ ಮನೆಗಳಲ್ಲಿ ಅವನ್ನೂ ಆರು ತುಂಬಿದ ಮೇಲೆ ಚೆನ್ನಾಗಿ ಬೇಯಿಸಿ, ಅರೆದು ಕೊಡಬಹುದು, ಕಬ್ಬಿಣದ ಮಟ್ಟಿಗೆ ಬೇಳೆಗಿಂತ ಮಾಂಸವೇ ಮೈಗೆ ಹತ್ತುತ್ತದೆ.

ಶೇಂಗಾ ಕೊಟ್ಟರೆ ಉಷ್ಣ, ಕಜ್ಜಿ ಎಂದು ವರ್ಷದವರೆಗೆ ದೂರ ಇಡುವವರನ್ನು ಕಂಡಿದ್ದೇನೆ. ಲಂಡನ್ನಿನಲ್ಲಿ 640 ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಮೊದಲ ವರ್ಷದಿಂದಲೇ ಶೇಂಗಾ ತಿಂದ ಮಕ್ಕಳಲ್ಲಿ ಐದನೆಯ ವಯಸ್ಸಿಗೆ ಶೇಂಗಾ ಅಲರ್ಜಿ ಬಹಳ ಕಡಿಮೆ ಎಂದು ತೋರಿಸಿತು. ಇಡೀ ಕಾಳು ಗಂಟಲಿಗೆ ಸಿಕ್ಕು ಉಸಿರುಗಟ್ಟಿಸುತ್ತದೆ, ಆದ್ದರಿಂದ ಹುರಿದು ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಬೇಕು. ಮೈತುಂಬ ಇಸುಬು ಇರುವ ಕೂಸಾದರೆ ಮೊದಲು ವೈದ್ಯರನ್ನು ಕೇಳಬೇಕು. ಕೂಸಿಗೆಂದು ತೆಗೆದಿಡುವುದು ಖಾರ ಹಾಕದ ಶೇಂಗಾ ಪುಡಿ ಎಂಬುದನ್ನು ನಮ್ಮ ಮನೆಗಳಲ್ಲಿ ಬಿಡಿಸಿಯೇ ಹೇಳಬೇಕಾಗುತ್ತದೆ.

ನಿನ್ನೆ ರಾತ್ರಿ ಊಟವಾದ ಮೇಲೆ ಇದೆಲ್ಲವನ್ನೂ ಮತ್ತೊಮ್ಮೆ ಮಾತಾಡಿದೆವು. ಮಗನ ಆ ಹಳೆಯ ರಕ್ತದ ಚೀಟಿಯನ್ನು ಅತ್ತೆಯವರ ಮುಂದಿಟ್ಟೆ. ಓದಲು ಬಾರದಿದ್ದರೂ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಬಟ್ಟಲನ್ನು ಖಣದ ತುಂಡಿನಲ್ಲಿ ಸುತ್ತಿ ನಾದಿನಿಯ ಪೆಟ್ಟಿಗೆಯಲ್ಲಿ ಇಟ್ಟೆವು. ಕ್ಯಾಲೆಂಡರಿನಲ್ಲಿ 180 ದಿನ ಎಣಿಸಿ ಗುರುತು ಹಾಕಿದವರು ಯಜಮಾನರು. ಅತ್ತೆಯವರು ಆ ಗುರುತನ್ನೇ ನೋಡುತ್ತ, "ಆತು, ಆ ದಿನ ಬಾಗೇವಾಡಿಗಿ ನಾನೂ ಬರಾಕಿ. ಬಸ್ಸಿಗಿ ನನ್ನ ಕೈ ಹಿಡದು ಹತ್ತಸವರು ಯಾರು, ಅದನ್ನ ಈಗ ಹೇಳ್ರಿ" ಎಂದರು.