ಲೋಗೋ ಬದಲಿಸಿದ್ದಕ್ಕೆಲ್ಲ ಚಪ್ಪಾಳೆ ಯಾಕ್ರೀ?

ನಿನ್ನೆ ರಾಯಚೂರಿನ ಒಂದು ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿದ್ದೆ. ಯಾರಾದ್ರೂ ಕರೆದರೆ ಇಲ್ಲ ಅನ್ನೋಕೆ ಬರಲ್ಲ ನನಗೆ, ನಿಮಗೆ ಗೊತ್ತಲ್ಲ. ಮೂರು ಹುಡುಗರು ಸ್ಟೇಜ್ ಹತ್ತಿ, 'ಇದು ನಮ್ಮದೇ ಓಪನ್ ಸೋರ್ಸ್ ಬ್ರೌಸರ್, ಡಿಸೆಂಟ್ರಲೈಸ್ಡ್, ಅಂದ್ರೆ ಒಂದೇ ಕಂಪನಿಯ ಸರ್ವರ್ ನಂಬಿ ಕೂತಿಲ್ಲ, ನಿಮ್ಮ ಗುಟ್ಟು ನಿಮ್ಮ ಹತ್ರಾನೇ ಇರುತ್ತೆ, ನಿಮ್ಮ ಮಾತನ್ನ ಯಾರೂ ತಡೆಯೋಕಾಗಲ್ಲ' ಅಂದರು. ಭರ್ಜರಿ ಚಪ್ಪಾಳೆ. ಆಮೇಲೆ ನಾನು ಸುಮ್ನೆ ಹೋಗಿ ಮೆನುವಿನಲ್ಲಿ 'ಅಬೌಟ್' ಒತ್ತಿದೆ. ಕ್ರೋಮಿಯಂ! ಗೂಗಲ್ ಕ್ರೋಮ್‌ನ ಒಳಗಿರೋ ಅದೇ ಕೋಡ್.

'ತಮ್ಮಾ, ಇದು ಗೂಗಲ್‌ದಲ್ವಾ?' ಅಂದೆ. 'ಸರ್, ಅದೂ ಓಪನ್ ಸೋರ್ಸೇ ಅಲ್ವಾ ಸರ್' ಅಂದ.

ಹೌದಪ್ಪ, 2008ರಿಂದಲೂ ಓಪನ್ ಸೋರ್ಸೇ, ಯಾರು ಬೇಕಾದ್ರೂ ಆ ಕೋಡ್ ತಗೊಂಡು ಬಳಸಬಹುದು. ಅದಕ್ಕೇ ಎಲ್ಲರೂ ಎತ್ತಿಕೊಂಡಿದ್ದಾರೆ. ಒಪೆರಾ 2013ರಲ್ಲಿ ಸ್ವಂತ ಎಂಜಿನ್ (ಪುಟವನ್ನ ಓದಿ ತೆರೆಯ ಮೇಲೆ ತೋರಿಸೋ ಒಳಗಿನ ಭಾಗ) ಬಿಟ್ಟು ಅತ್ತ ಹೋಯಿತು. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 2020ರಲ್ಲಿ ಎಡ್ಜ್‌ಗೆ ಅದನ್ನೇ ಹಾಕಿಕೊಂಡಿತು. ಬ್ರೇವ್, ವಿವಾಲ್ಡಿ, ನಮ್ಮ ದೇಶದ್ದೇ ಆದ ಝೋಹೋದ ಉಲಾ, ಎಲ್ಲ ಅದೇ. ಸಿಂಧನೂರಿನ ಮಿಲ್ಲಿನ ಅದೇ ಸೋನಾ ಮಸೂರಿ, ಚೀಲದ ಮೇಲೆ ಮಾತ್ರ ಬೇರೆ ಬೇರೆ ದೇವರ ಫೋಟೋ.

ಇದರಲ್ಲೇನು ತಪ್ಪು ಅಂತೀರಾ? ಗೂಗಲ್ ಎಕ್ಸ್‌ಟೆನ್ಶನ್‌ಗಳ (ಬ್ರೌಸರಿಗೆ ನಾವು ಸೇರಿಸಿಕೊಳ್ಳೋ ಚಿಕ್ಕ ತಂತ್ರಾಂಶಗಳ) ನಿಯಮ ಬದಲಿಸಿ ಮ್ಯಾನಿಫೆಸ್ಟ್ ವಿ3 ತಂದಾಗ, ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಕ್ರೋಮ್‌ನಲ್ಲಿ ನಿಂತೇ ಹೋಯಿತು. ಜಾಹೀರಾತಿನಲ್ಲಿ ದುಡಿಯುವ ಕಂಪನಿ ಜಾಹೀರಾತು ತಡೆಯೋ ತಂತ್ರಾಂಶಗಳಿಗೆ ನಿಯಮ ಬರೆಯುತ್ತದೆ! ಫೈರ್‌ಫಾಕ್ಸ್‌ಗೆ ಸ್ವಂತ ಎಂಜಿನ್ ಇದೆ, ಅಲ್ಲಿ ಅದು ಇನ್ನೂ ಓಡುತ್ತಿದೆ. ಕ್ರೋಮಿಯಂ ಮೇಲೆ ಕೂತವರು ಒಂದೋ ತಲೆಬಾಗಬೇಕು, ಇಲ್ಲ ಪ್ರತಿ ಸಲ ತೇಪೆ ಹಾಕುತ್ತಾ ಕೂರಬೇಕು. ಇದನ್ನ ಸ್ವಾತಂತ್ರ್ಯ ಅಂತ ಸ್ಲೈಡಿನಲ್ಲಿ ದೊಡ್ಡದಾಗಿ ಬರೆದಿದ್ದರು.

ಇನ್ನು ಆ ಡಿಸೆಂಟ್ರಲೈಸ್ಡ್ ಕಥೆ. ಐಪಿಎಫ್‌ಎಸ್ ಸೇರಿಸಿದ್ದೀವಿ ಅಂದರು. ಒಂದೇ ಸರ್ವರ್ ಬದಲು ಜನರ ಕಂಪ್ಯೂಟರುಗಳಿಂದಲೇ ಫೈಲ್ ತರಿಸೋ ವ್ಯವಸ್ಥೆ ಅದು. ಒಳ್ಳೇದು. ಆದರೆ ಯಾರೋ ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳದಿದ್ದರೆ ಅಲ್ಲಿನ ಪುಟವೂ ಮಾಯ. ಇನ್ನೂ ದೊಡ್ಡ ತೊಡಕು ಅಂದ್ರೆ, ನೇರವಾಗಿ ಒಬ್ಬರಿಂದೊಬ್ಬರು ಫೈಲ್ ಪಡೆಯುವಾಗ ನಿಮ್ಮ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ನಂಬರ್) ಎದುರಿನವರಿಗೆ ಕಾಣುತ್ತದೆ. ಅದನ್ನ ಮುಚ್ಚೋಕೆ ಗುರುತು ಮರೆಸೋ ಟಾರ್ ಜಾಲದ ಥರ ಮೂರು ಕಡೆ ಸುತ್ತಿಸಿ ಕಳಿಸಬೇಕು, ಆಗ ವೇಗ ಹೋಗುತ್ತದೆ. ಬೀಕರ್ ಅನ್ನೋ ಬ್ರೌಸರ್ ಇದೇ ಕನಸು ಕಟ್ಟಿಕೊಂಡು ಹೊರಟು 2022ರಲ್ಲಿ ನಿಂತಿತು. ಬ್ರೇವ್ 2021ರಲ್ಲಿ ಐಪಿಎಫ್‌ಎಸ್ ಸೇರಿಸಿ 2024ರಲ್ಲಿ ತೆಗೆಯಲು ಹೊರಟಿತು. ಇದ್ಯಾವುದೂ ಆ ಹುಡುಗರಿಗೆ ಯಾರೂ ಹೇಳಿರಲಿಲ್ಲ.

ವೇದಿಕೆ ಮೇಲಿದ್ದ ಹಿರಿಯರೊಬ್ಬರು ಬೇರೆ, 'ತಪ್ಪು ಮಾಡದವರಿಗೆ ಪ್ರೈವೆಸಿ ಯಾಕೆ?' ಅಂತ ನಕ್ಕರು. ಸ್ವಾಮಿ, ಅದು ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿಯಾಗಿದೆ. ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ನಿವೃತ್ತರಾದ ಪುಟ್ಟಸ್ವಾಮಿಯವರು.

ಎಂಜಿನ್ ಬರೆಯೋದು ಹುಡುಗರ ಕೈಲಾಗೋ ಕೆಲಸಾನಾ ಅಂತ ಕೇಳ್ತೀರಿ. ಪೂರ್ತಿ ಆಗಲ್ಲ, ನಿಜ. ಆದರೆ ಅದು ನೆಪ. ಆಂಡ್ರಿಯಾಸ್ ಕ್ಲಿಂಗ್ ಹವ್ಯಾಸಕ್ಕೆ ಶುರು ಮಾಡಿದ, ಸ್ವಂತ ಎಂಜಿನ್ನಿನ ಬ್ರೌಸರ್ ಲೇಡಿಬರ್ಡ್ 2024ರಲ್ಲಿ ಲಾಭಕ್ಕಲ್ಲದ ಸಂಸ್ಥೆಯಾಯಿತು, ದೇಣಿಗೆಯಲ್ಲಿ ನಡೆಯುತ್ತಿದೆ. ಫೈರ್‌ಫಾಕ್ಸ್‌ನ ಮೊಜಿಲ್ಲಾ 2020ರಲ್ಲಿ ಕೈಬಿಟ್ಟ ಸರ್ವೋ ಅನ್ನೋ ಎಂಜಿನ್ ಇನ್ನೂ ಉಸಿರಾಡುತ್ತಿದೆ. ಇವಕ್ಕೆಲ್ಲ ಜನ ಬೇಕು. ಕನ್ನಡದ ಪುಟ ತೆರೆದು ಒತ್ತಕ್ಷರ ಸರಿಯಾಗಿ ಕೂರುತ್ತಾ, ಸಾಲು ಎಲ್ಲೆಲ್ಲೋ ಮುರಿಯುತ್ತಾ ಅಂತ ನೋಡಿ ಬಗ್ (ದೋಷ) ಇದೆ ಅಂತ ವರದಿ ಬರೆದು ಹಾಕೋದಕ್ಕೆ ಪಿಎಚ್‌ಡಿ ಬೇಡ. ಹೊರದೇಶದಲ್ಲಿ ಕೂತವರಿಗೆ 'ಸ್ತ್ರೀ' ಮುರಿದು ಕಂಡರೂ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತೆ. ಆದರೆ ಅದಕ್ಕೆ ಸ್ಟೇಜ್ ಇಲ್ಲ, ಶಾಲು ಇಲ್ಲ.

ನನಗೆ ಆ ಹುಡುಗರ ಮೇಲೆ ಸಿಟ್ಟಿಲ್ಲ. ಅವರ ವಯಸ್ಸಲ್ಲಿ ನನಗೆ ಬ್ರೌಸರ್ ಅಂದ್ರೆ ನೀಲಿ 'ಇ' ಅಷ್ಟೇ ಆಗಿತ್ತು, ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ. ಸಿಟ್ಟಿರೋದು ಒಂದು ಪ್ರಶ್ನೆಯನ್ನೂ ಕೇಳದೆ ಪ್ರೈಜ್ ಕೊಟ್ಟ ದೊಡ್ಡವರ ಮೇಲೆ.

ಆ ಮೂವರೂ ಇಲ್ಲಿ ಫ್ರೆಂಡ್ ಲಿಸ್ಟ್‌ನಲ್ಲಿದ್ದಾರೆ, ಓದುತ್ತಾರೆ. ತಮ್ಮಂದಿರಾ, ಭಾನುವಾರ ಲ್ಯಾಪ್‌ಟಾಪ್ ತಗೊಂಡು ಮನೆಗೆ ಬನ್ನಿ, ಸರ್ವೋ ಬಿಲ್ಡ್ ಮಾಡೋಣ. ಮಿರ್ಚಿ ಮಂಡಕ್ಕಿ ನನ್ನದು. ಉಳಿದವರು ಇನ್‌ಬಾಕ್ಸಿಗೆ ಬಂದು ಬರೀ 'ಹಾಯ್' ಅಂತ ಕಳಿಸಬೇಡಿ.